ಅಪ್ಪನಾಗುವ ಮುಂಚಿನ ಮೂರು ತಿಂಗಳು

ಶಿವಮೊಗ್ಗದ ಲ್ಯಾಬೊಂದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ವೀರ್ಯ ಪರೀಕ್ಷೆ ಮಾಡುತ್ತಿದ್ದೇನೆ. ಮಕ್ಕಳಾಗಿಲ್ಲ ಅಂತ ಬರುವ ಜೋಡಿಗಳಲ್ಲಿ ಒಂದು ವಿಷಯ ಇವತ್ತಿಗೂ ಬದಲಾಗಿಲ್ಲ. ಹೆಂಡತಿಯ ಕೈಯಲ್ಲಿ ದಪ್ಪ ಫೈಲು ಇರುತ್ತದೆ. ಸ್ಕ್ಯಾನಿಂಗು, ಥೈರಾಯ್ಡು, ಟ್ಯೂಬ್ ಟೆಸ್ಟು, ಎರಡು ಮೂರು ಊರಿನ ಡಾಕ್ಟರ ಚೀಟಿ. ಗಂಡನ ಕೈಯಲ್ಲಿ ಬೈಕಿನ ಕೀ ಮಾತ್ರ.

ಹೋದ ವರ್ಷ ಭದ್ರಾವತಿ ಕಡೆಯ ಅತ್ತೆಯೊಬ್ಬರು ಕೌಂಟರಿನ ಮುಂದೆಯೇ ಹೇಳಿದರು: “ನೋಡಿ ಸಾರ್, ನಮ್ಮ ಹುಡುಗ ಗಟ್ಟಿಮುಟ್ಟಾಗಿದಾನೆ. ಅವನಿಗ್ಯಾಕೆ ಟೆಸ್ಟು? ಡಾಕ್ಟ್ರು ಸುಮ್ನೆ ಬರ್ದಿದಾರೆ.” ಸೊಸೆ ನೆಲ ನೋಡುತ್ತಾ ನಿಂತಿದ್ದಳು. ಫೈಲು ಎದೆಗೆ ಒತ್ತಿಕೊಂಡಿದ್ದಳು.

ಆ ಅಮ್ಮನಿಗೆ ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಗು ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇರುತ್ತದೆ, ಸರಿ. ಅದಕ್ಕೂ ಮುಂಚೆ ಆ ಮಗುವಿನ ಅರ್ಧ ಪಾಲು ಅಪ್ಪನ ಮೈಯಲ್ಲಿ ಮೂರು ತಿಂಗಳು ತಯಾರಾಗುತ್ತದೆ. ಆ ಮೂರು ತಿಂಗಳಲ್ಲಿ ಅವನು ಏನು ತಿಂದ, ಏನು ಸೇದಿದ, ಎಷ್ಟು ನಿದ್ದೆಗೆಟ್ಟ ಅನ್ನುವುದರ ಗುರುತು ವೀರ್ಯಾಣುವಿನ ಮೇಲೆ ಬೀಳುತ್ತದೆ. ಅಪ್ಪನಾಗಲು ಹೊರಟ ಗಂಡಸು ಈ ಮೂರು ತಿಂಗಳನ್ನು ಹೇಗೆ ಕಳೆಯಬೇಕು ಅನ್ನುವುದೇ ಈ ಬರಹ. ಮಕ್ಕಳಾಗುವುದು ತಡವಾದವರಿಗೆ ಮಾತ್ರ ಅಲ್ಲ, ಹೊಸದಾಗಿ ಮದುವೆಯಾದ ಎಲ್ಲ ಹುಡುಗರಿಗೂ.

ಮೈಯೊಳಗೆ ಏನು ನಡೆಯುತ್ತದೆ

ಒಂದು ವೀರ್ಯಾಣು ವೃಷಣದಲ್ಲಿ, ಅಂದರೆ ಬೀಜದಲ್ಲಿ, ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ಅದು ಎಪಿಡಿಡಿಮಿಸ್ ಅನ್ನುವ ನಳಿಕೆಗೆ ಬರುತ್ತದೆ. ಬೀಜದ ಹಿಂಬದಿಗೆ ಅಂಟಿಕೊಂಡು ಸುರುಳಿ ಸುತ್ತಿಕೊಂಡಿರುವ ಆ ನಳಿಕೆಯನ್ನು ಬಿಡಿಸಿ ಹಿಡಿದರೆ ಸುಮಾರು 6 ಮೀಟರ್ ಉದ್ದ. ಅದರೊಳಗೆ ಹಾದು ಬರಲು ಕೆಲವು ದಿನದಿಂದ ಎರಡು ವಾರದವರೆಗೆ ಹಿಡಿಯುತ್ತದೆ. ಈಜು ಕಲಿಯುವುದೂ ಅಲ್ಲೇ. ಎಲ್ಲ ಸೇರಿ ಮೂರು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ.

ನಾವು ಶಾಲೆಯಲ್ಲಿ ಓದುವಾಗ ಅಪ್ಪ ಕೊಡುವುದು ಬರೀ ಡಿಎನ್‌ಎ ಅಂತ ಹೇಳಿಕೊಟ್ಟಿದ್ದರು. ಅದು ಸುಳ್ಳಲ್ಲ, ಅರ್ಧ ಕಥೆ. ಮದುವೆ ಮನೆಗೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆಸುತ್ತಾರೆ ಅಲ್ವಾ? ಪಟ್ಟಿ ಪ್ರತಿ ಮದುವೆಗೂ ಹೆಚ್ಚುಕಡಿಮೆ ಅದೇ. ಆದರೆ ಅದರ ಜೊತೆ ಒಂದು ಚೀಟಿ ಬರುತ್ತದೆ: ಈ ಮನೆಯವರು ಖಾರ ಕಡಿಮೆ ತಿನ್ನುತ್ತಾರೆ, ಬೆಲ್ಲ ಜಾಸ್ತಿ ಇರಲಿ. ಪಟ್ಟಿ ಬದಲಾಗದಿದ್ದರೂ ಚೀಟಿ ನೋಡಿ ಸಾರಿನ ರುಚಿ ಬದಲಾಗುತ್ತದೆ. ಡಿಎನ್‌ಎ ಆ ಪಟ್ಟಿ. ಅದರ ಮೇಲೆ ಅಂಟಿಕೊಳ್ಳುವ ಮಿಥೈಲ್ ಅನ್ನುವ ಚಿಕ್ಕ ರಾಸಾಯನಿಕ ಗುರುತುಗಳು, ವೀರ್ಯಾಣು ಹೊತ್ತು ತರುವ ಸಣ್ಣ ಸಣ್ಣ ಆರ್‌ಎನ್‌ಎ ತುಣುಕುಗಳು ಆ ಚೀಟಿ.

ಈ ಚೀಟಿಯನ್ನು ಯಾರು ಬರೆಯುತ್ತಾರೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಲಿವರ್ ರ‍್ಯಾಂಡೋ ಅವರ ಪ್ರಯೋಗಾಲಯದಲ್ಲಿ ಉಪಾಸನಾ ಶರ್ಮಾ ಅವರು ಇಲಿಗಳ ಮೇಲೆ ಮಾಡಿದ ಕೆಲಸ 2016ರಲ್ಲಿ ಪ್ರಕಟವಾಯಿತು. ಎಪಿಡಿಡಿಮಿಸ್‌ನ ಗೋಡೆಯ ಜೀವಕೋಶಗಳು ಚಿಕ್ಕ ಚಿಕ್ಕ ಗುಳ್ಳೆಗಳಲ್ಲಿ ಆರ್‌ಎನ್‌ಎ ತುಂಬಿ, ಹಾದು ಹೋಗುವ ವೀರ್ಯಾಣುವಿಗೆ ದಾಟಿಸುತ್ತವೆ ಅಂತ ಅವರು ತೋರಿಸಿದರು. ದೂರದ ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಅಪ್ಪ ಇಲಿಗೆ ಪ್ರೋಟೀನ್ ಕಡಿಮೆ ಇರುವ ಆಹಾರ ಕೊಟ್ಟರೆ ಆ ಬುತ್ತಿಯೇ ಬದಲಾಗುತ್ತಿತ್ತು.

ಮೈಕ್ರೋಸ್ಕೋಪಿನಲ್ಲಿ ಈ ಚೀಟಿ ಕಾಣುವುದಿಲ್ಲ. ನನಗೆ ಕಾಣುವುದು ಚೌಕಳಿ ಗೆರೆ ಎಳೆದ ಗಾಜಿನ ಮೇಲೆ ಬಾಲ ಬಡಿಯುತ್ತಾ ಓಡಾಡುವ ಚುಕ್ಕಿಗಳು. ನೇರ ಮುಂದೆ ಹೋಗುವವು, ಇದ್ದಲ್ಲೇ ಗಿರಕಿ ಹೊಡೆಯುವವು, ಅಲುಗಾಡದೆ ಬಿದ್ದಿರುವವು. ಎಡಗೈಯಲ್ಲಿ ಕೌಂಟರ್ ಒತ್ತುತ್ತಾ ಎಣಿಸುತ್ತೇನೆ. ಎಣಿಸುವಾಗಲೆಲ್ಲ ಅನಿಸುತ್ತದೆ, ಇವುಗಳಲ್ಲಿ ಪ್ರತಿಯೊಂದೂ ಈ ಮನುಷ್ಯನ ಕಳೆದ ಮೂರು ತಿಂಗಳನ್ನು ಹೊತ್ತುಕೊಂಡಿದೆ ಅಂತ.

ಆಷಾಢದಿಂದ ಶುರು ಮಾಡಿ

ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಮೊದಲ ಆಷಾಢಕ್ಕೆ ತವರಿಗೆ ಹೋಗುತ್ತಾರೆ. ಗಂಡನಾದವನು ಬೇಸರದಲ್ಲಿ ಆ ತಿಂಗಳು ಕಳೆಯುತ್ತಾನೆ. ನನ್ನ ಮಾತು ಕೇಳುವುದಾದರೆ, ಆ ತಿಂಗಳಿನಿಂದಲೇ ನಿಮ್ಮ ತಯಾರಿ ಶುರುವಾಗಲಿ. ಆಷಾಢ, ಶ್ರಾವಣ, ಭಾದ್ರಪದ. ಮೂರು ತಿಂಗಳು ಮುಗಿದು ಆಶ್ವಯುಜ ಬರುವ ಹೊತ್ತಿಗೆ ನವರಾತ್ರಿ. ಆಗ ನಿಮ್ಮ ಮೈಯಲ್ಲಿರುವುದು ಹೊಸ ಜೀವನದಲ್ಲಿ ತಯಾರಾದ ವೀರ್ಯಾಣು. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಪೆನ್ನಿನಲ್ಲಿ ಸುತ್ತು ಹಾಕಿ. ಹಾಲಿನ ಲೆಕ್ಕ, ಸಿಲಿಂಡರ್ ಬುಕ್ ಮಾಡಿದ ತಾರೀಕು ಬರೆಯುವ ಜಾಗದಲ್ಲೇ ಇದೂ ಇರಲಿ.

ಆಷಾಢವೇ ಆಗಬೇಕು ಅಂತೇನಿಲ್ಲ. ಇವತ್ತಿನಿಂದ ತೊಂಬತ್ತು ದಿನ ಎಣಿಸಿದರೂ ಆಯಿತು. ಮಧ್ಯೆ ಡೆಂಗಿಯಂಥ ಜೋರು ಜ್ವರ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ ಹಿಡಿಯಿರಿ. ಜೋರು ಜ್ವರದ ಏಟು ವೀರ್ಯದಲ್ಲಿ ಎರಡು ಮೂರು ತಿಂಗಳು ಕಾಣುತ್ತದೆ.

ಕವಳ, ಗುಟ್ಕಾ, ಬೀಡಿ

ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ನಾನು ಓದಿದ್ದು ಅಡಿಕೆ ದುಡ್ಡಿನಲ್ಲಿ, ಅಕ್ಕನ ಮದುವೆಯಾಗಿದ್ದು ಅಡಿಕೆ ದುಡ್ಡಿನಲ್ಲಿ. ಊಟವಾದ ಮೇಲೆ ಕವಳದ (ಎಲೆ ಅಡಿಕೆಯ) ತಟ್ಟೆ ಮುಂದಿಡದಿದ್ದರೆ ಬಂದ ನೆಂಟರಿಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ. ನಾನೂ ಹದಿನೈದನೇ ವಯಸ್ಸಿಗೆ ಶುರು ಮಾಡಿದ್ದೆ. ಕಾಲೇಜು ಮುಗಿಯುವಾಗ ದಿನಕ್ಕೆ ಹತ್ತು ಹನ್ನೆರಡು ಸಲ ಆಗುತ್ತಿತ್ತು.

ತೈವಾನ್ ದ್ವೀಪದ ಉತ್ತರದಲ್ಲಿ ಕೀಲುಂಗ್ ಅಂತ ಒಂದು ಬಂದರು ಊರಿದೆ. ಅಲ್ಲಿಯವರೂ ನಮ್ಮ ಹಾಗೆಯೇ ಅಡಿಕೆ ಜಗಿಯುತ್ತಾರೆ. ಆ ಊರಿನ ಸಾವಿರಾರು ಕುಟುಂಬಗಳ ಆರೋಗ್ಯ ತಪಾಸಣೆಯ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2006ರಲ್ಲಿ ಬಂತು. ಅಪ್ಪ ಎಲೆ ಅಡಿಕೆ ಜಗಿಯುತ್ತಿದ್ದರೆ ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಬೊಜ್ಜು, ಬಿಪಿ, ಸಕ್ಕರೆ ಒಟ್ಟಾಗಿ ಬರುವ ಸಾಧ್ಯತೆ ಜಾಸ್ತಿ ಇತ್ತು. ಅಪ್ಪ ಎಷ್ಟು ಜಾಸ್ತಿ ಜಗಿದಿದ್ದನೋ ಅಷ್ಟು ಜಾಸ್ತಿ. ಇದಕ್ಕೂ ಮೊದಲು, 1994ರಲ್ಲಿ, ಬ್ರಿಟನ್ನಿನ ಬಾರ್ಬರಾ ಬೌಚರ್ ಮತ್ತು ಜೊತೆಯವರು ಇಲಿಗಳಿಗೆ ಅಡಿಕೆ ತಿನ್ನಿಸಿ ನೋಡಿದ್ದರು. ತಿಂದ ಇಲಿಗಳಲ್ಲಿ ಕೆಲವಕ್ಕೆ ಸಕ್ಕರೆ ಅರಗದ ತೊಂದರೆ ಬಂತು. ಅಡಿಕೆಯನ್ನು ಮೂಸಿಯೂ ನೋಡದ ಅವುಗಳ ಮರಿಗಳಲ್ಲೂ ಅದು ಕಾಣಿಸಿತು.

ಇದನ್ನು ನಾನು ಓದಿದ್ದು ನಮ್ಮ ದೊಡ್ಡ ಮಗಳು ಹುಟ್ಟಿದ ಮೇಲೆ. ಅವತ್ತು ರಾತ್ರಿ ಅವಳ ತೊಟ್ಟಿಲ ಪಕ್ಕ ಬಹಳ ಹೊತ್ತು ಕೂತಿದ್ದೆ. ಎರಡನೇ ಮಗುವಿಗೆ ಯೋಚನೆ ಮಾಡುವಾಗ ಬಿಟ್ಟೆ. ಇಬ್ಬರು ಮಕ್ಕಳೂ ಚೆನ್ನಾಗಿದ್ದಾರೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ವ್ಯತ್ಯಾಸ ಹುಡುಕುವ ಕೆಲಸ ನಾನು ಯಾವತ್ತೂ ಮಾಡಿಲ್ಲ, ನೀವೂ ಮಾಡಬೇಡಿ. ಒಂದು ಮನೆಯ ಎರಡು ಮಕ್ಕಳಿಂದ ಯಾವುದೂ ಸಾಬೀತಾಗುವುದಿಲ್ಲ. ಸಾವಿರ ಮನೆ ನೋಡಿದಾಗ ಕಾಣುವ ವಿಷಯ ಇದು.

ಬಿಡುವುದು ಹೇಗೆ? ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಮೊದಲ ವಾರ ಏನನ್ನೂ ಬಿಡಲಿಲ್ಲ, ಹಾಕಿದ ಹೊತ್ತನ್ನು ಬರೆದಿಟ್ಟೆ. ಹನ್ನೆರಡರಲ್ಲಿ ಏಳು ಸಲ ನನಗೆ ಬೇಕಾಗಿದ್ದು ಅಡಿಕೆ ಅಲ್ಲ, ಕೆಲಸದ ನಡುವೆ ಹೊರಗೆ ಹೋಗಿ ನಿಲ್ಲುವ ಐದು ನಿಮಿಷ ಅಂತ ಗೊತ್ತಾಯಿತು. ಹೊರಗೆ ಹೋಗುವುದನ್ನು ಬಿಡಲಿಲ್ಲ, ಜೇಬಿನಲ್ಲಿ ಸೋಂಪು ಮತ್ತು ಏಲಕ್ಕಿ ಇಟ್ಟುಕೊಂಡೆ. ಉಳಿದ ಐದನ್ನು ವಾರಕ್ಕೊಂದರಂತೆ ಕಡಿಮೆ ಮಾಡಿದೆ. ಕೊನೆಗೆ ಉಳಿದದ್ದು ಮಧ್ಯಾಹ್ನ ಊಟವಾದ ಮೇಲಿನದು. ಅದು ತುಂಬಾ ಕಾಡಿತು. ಊಟವಾದ ತಕ್ಷಣ ಎದ್ದು ಹಲ್ಲುಜ್ಜಲು ಶುರು ಮಾಡಿದ ಮೇಲೆ ಅದೂ ಹೋಯಿತು. ನಮ್ಮ ಅಪ್ಪನಿಗೆ ಬೇಜಾರಾಗದ ಹಾಗೆ ಹೇಳಿದ್ದು ಒಂದೇ ಮಾತು: “ತೋಟ ನಮ್ಮದೇ ಅಪ್ಪಯ್ಯ, ಬಾಯಿಗೆ ಮಾತ್ರ ಬೇಡ.”

ತಂಬಾಕು ಸೇರಿದ್ದರೆ ಒಬ್ಬರೇ ಒದ್ದಾಡಬೇಡಿ. 1800-11-2356 ರಾಷ್ಟ್ರೀಯ ತಂಬಾಕು ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ. ಬೀಡಿ ಸಿಗರೇಟಿನ ಹೊಗೆ ವೀರ್ಯಾಣುವಿನ ಡಿಎನ್‌ಎಯನ್ನೇ ಹಾಳು ಮಾಡುತ್ತದೆ. ಅಲ್ಲಿಗೆ ಅದು ಚೀಟಿಯ ವಿಷಯವಾಗಿ ಉಳಿಯುವುದಿಲ್ಲ, ಪಟ್ಟಿಯೇ ಹರಿದ ಹಾಗೆ. ಕುಡಿತವನ್ನೂ ಈ ಮೂರು ತಿಂಗಳು ಪೂರ್ತಿ ಬಿಡಿ. ‘ವಾರಕ್ಕೊಂದು ದಿನ ಮಾತ್ರ’ ಅನ್ನುವ ರಾಜಿ ಬೇಡ. ಕುಡಿತ ಗರ್ಭಿಣಿಯರಿಗೆ ಮಾತ್ರ ಕೆಟ್ಟದ್ದು ಅಂತ ಬಹಳ ಕಾಲ ಅಂದುಕೊಂಡಿದ್ದೆವು. ಟೆಕ್ಸಾಸ್‌ನ ಮೈಕಲ್ ಗೋಲ್ಡಿಂಗ್ ಅವರ ತಂಡ, ಅಪ್ಪ ಇಲಿ ಮಾತ್ರ ಕುಡಿದಿದ್ದರೂ ಮರಿಗಳ ಮುಖದ ಬೆಳವಣಿಗೆಯಲ್ಲಿ ಏರುಪೇರಾಗುವುದನ್ನು ತೋರಿಸಿದೆ.

ಊಟ, ತೂಕ, ಸಕ್ಕರೆ

2019ರಲ್ಲಿ ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದವರು 15 ಜನ ಆರೋಗ್ಯವಂತ ಹುಡುಗರನ್ನು ಎರಡು ವಾರ ತಾವು ಕೊಟ್ಟ ಊಟದ ಮೇಲೆ ಇಟ್ಟರು. ಮೊದಲ ವಾರ ಒಳ್ಳೆಯ ಊಟ. ಎರಡನೇ ವಾರ ಅದೇ ಊಟದ ಜೊತೆ ಸಿಕ್ಕಾಪಟ್ಟೆ ಸಕ್ಕರೆ, ದಿನಕ್ಕೆ ಸುಮಾರು ಮೂರೂವರೆ ಲೀಟರ್ ತಂಪು ಪಾನೀಯದಲ್ಲಿ ಇರುವಷ್ಟು. ಒಂದೇ ವಾರದಲ್ಲಿ ವೀರ್ಯದೊಳಗಿನ ಸಣ್ಣ ಆರ್‌ಎನ್‌ಎಗಳು ಬದಲಾಗಿದ್ದವು. ನಳಿಕೆಯಲ್ಲಿ ಬುತ್ತಿ ಕಟ್ಟುವ ಕೆಲಸ ಕೊನೆಯ ದಿನಗಳವರೆಗೂ ನಡೆಯುತ್ತಿರುತ್ತದೆ ಅನ್ನುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅದಕ್ಕೇ ಹೇಳುವುದು, ಎರಡೂವರೆ ತಿಂಗಳು ಪಥ್ಯ ಮಾಡಿ ಕೊನೆಯ ಎರಡು ವಾರ ಮದುವೆ ಮನೆ ಸುತ್ತಿದರೆ ಶ್ರಮ ದಂಡ.

ತೂಕದ ವಿಷಯದಲ್ಲಿ ಕೋಪನ್‌ಹೇಗನ್ನಿನ ರೊಮೇನ್ ಬಾರೆಸ್ ತಂಡದ ಕೆಲಸ ನನಗೆ ಧೈರ್ಯ ಕೊಟ್ಟಿದೆ. ಬೊಜ್ಜಿಗಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 6 ಜನ ಗಂಡಸರ ವೀರ್ಯವನ್ನು ಅವರು ಆಪರೇಷನ್ನಿಗೆ ಮುಂಚೆ, ಒಂದು ವಾರಕ್ಕೆ, ಒಂದು ವರ್ಷಕ್ಕೆ ನೋಡಿದರು. ತೂಕ ಇಳಿದ ಹಾಗೆ ಡಿಎನ್‌ಎ ಮೇಲಿನ ಗುರುತುಗಳೂ ಬದಲಾದವು, ಅದರಲ್ಲೂ ಹಸಿವನ್ನು ನಿಭಾಯಿಸುವ ಜೀನುಗಳ ಹತ್ತಿರ. ಅಂದರೆ ಒಮ್ಮೆ ಬಿದ್ದ ಗುರುತು ಸಾಯುವವರೆಗೂ ಹಾಗೇ ಇರುತ್ತದೆ ಅಂತಲ್ಲ. ಇಲಿಗಳಲ್ಲಿ ವ್ಯಾಯಾಮವೂ ಇದೇ ಥರ ಕೆಲಸ ಮಾಡಿದೆ. ಕೊಬ್ಬು ತಿಂದ ಅಪ್ಪ ಇಲಿ ಚಕ್ರದಲ್ಲಿ ಓಡಿದರೆ ಮರಿಗಳಿಗೆ ಆಗಬೇಕಿದ್ದ ಕೆಡುಕು ತಗ್ಗಿತ್ತು.

ನನ್ನ ಹತ್ತಿರ ಕೇಳುವ ಹುಡುಗರಿಗೆ ನಾನು ಹೇಳುವ ಊಟ ನಮ್ಮ ಮನೆಗಳದ್ದೇ. ಬೆಳಿಗ್ಗೆ ಮೊಳಕೆ ಕಟ್ಟಿದ ಹೆಸರುಕಾಳು, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ. ಮಧ್ಯಾಹ್ನ ಅನ್ನ ಅರ್ಧ ಮಾಡಿ ಮುದ್ದೆ ಇಲ್ಲವೇ ರೊಟ್ಟಿ. ದಿನಾ ಒಂದು ಸೊಪ್ಪು: ಹರಿವೆ, ದಂಟು, ಬಸಳೆ, ಪಾಲಕ್, ಯಾವುದಾದರೂ. ಸೊಪ್ಪಿನ ಮೇಲೆ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂದರೆ, ಸೊಪ್ಪು ಕಾಳುಗಳಲ್ಲಿ ಫೋಲೇಟ್ ಇದೆ. ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳಿಗೆ ಅದೇ ಕಚ್ಚಾ ಸಾಮಗ್ರಿ. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಡುವುದು ನಮಗೆಲ್ಲ ಗೊತ್ತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಾರಾ ಕಿಮ್ಮಿನ್ಸ್ ಅವರ ತಂಡ 2013ರಲ್ಲಿ ತೋರಿಸಿದ್ದು, ಅಪ್ಪ ಇಲಿಗೆ ಫೋಲೇಟ್ ಕೊರತೆಯಾದರೂ ಮರಿಗಳಲ್ಲಿ ಹುಟ್ಟುನ್ಯೂನತೆ ಜಾಸ್ತಿಯಾಗುತ್ತದೆ ಅಂತ.

ಸಕ್ಕರೆ ಎಲ್ಲಿಂದ ಬರುತ್ತದೆ ನೋಡಿ. ಸಿಹಿತಿಂಡಿಯಿಂದ ಅಷ್ಟಾಗಿ ಅಲ್ಲ, ದಿನಕ್ಕೆ ಆರು ಟೀಯಿಂದ. ಆಫೀಸಿನ ಮುಂದಿನ ಗಾಡಿಯವರಿಗೆ ಹೇಳಿ, ‘ಸಕ್ಕರೆ ಅರ್ಧ’. ಹದಿನೈದು ದಿನಕ್ಕೆ ನಾಲಿಗೆ ಒಗ್ಗುತ್ತದೆ. ಸಂಜೆ ತುಂಗೆಯ ದಡದಲ್ಲೋ ನಿಮ್ಮೂರಿನ ಕೆರೆ ಏರಿಯ ಮೇಲೋ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಹೆಂಡತಿಯೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಇದು ಅವಳಿಗೂ ಬೇಕಾದದ್ದೇ.

ಬಿಸಿ, ಔಷಧಿ ಹೊಡೆಯುವುದು, ಜಿಮ್ ಇಂಜೆಕ್ಷನ್

ಬೀಜಗಳು ಮೈಯಿಂದ ಹೊರಗೆ ಇರುವುದಕ್ಕೆ ಕಾರಣ ಇದೆ. ಮೈಗಿಂತ 2ರಿಂದ 4 ಡಿಗ್ರಿ ತಂಪಾಗಿದ್ದರೆ ಮಾತ್ರ ಅಲ್ಲಿ ಕೆಲಸ ಸರಿಯಾಗಿ ನಡೆಯುತ್ತದೆ. ಬೇಕರಿಯೊಂದರ ಒಲೆ ಮುಂದೆ ದಿನಕ್ಕೆ ಹನ್ನೊಂದು ಗಂಟೆ ನಿಲ್ಲುತ್ತಿದ್ದ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ಮಿಲಿಲೀಟರಿಗೆ 9 ಮಿಲಿಯನ್ ವೀರ್ಯಾಣು ಇತ್ತು, ಕೆಳಗಿನ ಗಡಿಯೇ 16. ಮಾಲೀಕರನ್ನು ಕೇಳಿ ಮೂರು ತಿಂಗಳು ಕೌಂಟರಿಗೆ ಬದಲಾಯಿಸಿಕೊಂಡ, ಬಿಗಿ ಜೀನ್ಸ್ ಬಿಟ್ಟು ಸಡಿಲ ಪ್ಯಾಂಟು ಹಾಕಿದ, ಬೀಡಿ ಬಿಟ್ಟ. ತೊಂಬತ್ತೈದನೇ ದಿನ ಮತ್ತೆ ಬಂದಾಗ 21 ಇತ್ತು. ಗಾಜಿನ ಚೌಕಳಿಯಲ್ಲಿ ಓಡಾಟ ನೋಡಿ ನಾನೇ ಎರಡು ಸಲ ಎಣಿಸಿದೆ. ಮೂರರಲ್ಲಿ ಯಾವುದರಿಂದ ಆಯಿತು ಅಂತ ಬಿಡಿಸಿ ಹೇಳಲಾಗುವುದಿಲ್ಲ. ಅವನಿಗೆ ಹೇಳಿದ್ದು ಮೂರನ್ನೂ ಮುಂದುವರಿಸು ಅಂತ. ಲಾರಿ ಓಡಿಸುವವರು ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಲ್ಯಾಪ್‌ಟಾಪ್ ತೊಡೆಯ ಮೇಲೆ ಬೇಡ.

ತೋಟ ಗದ್ದೆ ಇರುವವರಿಗೆ ಇನ್ನೊಂದು ಮಾತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲೇಥ್ರಾಪ್ ಅನ್ನುವ ಊರಿನ ಕಾರ್ಖಾನೆಯೊಂದರಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಗಂಡಸರು, ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲ ಅಂತ ತಾವೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿಕೊಂಡರು. ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಔಷಧಿ ಹೊಡೆಯುವ ಕೆಲಸವನ್ನು ಈ ಮೂರು ತಿಂಗಳು ಅಣ್ಣನಿಗೋ ಚಿಕ್ಕಪ್ಪನಿಗೋ ಒಪ್ಪಿಸಿ. ಆಗದಿದ್ದರೆ ಗ್ಲೌಸು, ಮಾಸ್ಕು, ತೋಳು ತುಂಬುವ ಅಂಗಿ ಹಾಕಿ, ಕೆಲಸ ಮುಗಿದ ತಕ್ಷಣ ಸ್ನಾನ ಮಾಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.

ಜಿಮ್ಮಿನಲ್ಲಿ ಯಾರಾದರೂ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಹೊರಗಿನಿಂದ ಬರುತ್ತಿದೆ, ಸಾಕು ಅಂತ ಮೆದುಳು ಬೀಜಗಳಿಗೆ ಕೆಲಸ ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಕಂಬದಂಥ ತೋಳಿನ ಇಪ್ಪತ್ತೇಳರ ಹುಡುಗರ ರಿಪೋರ್ಟಿನಲ್ಲಿ ಸೊನ್ನೆ ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ಈಗಾಗಲೇ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಬಿಟ್ಟ ಮೇಲೆ ಬಹಳ ಜನರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು.

ಪರೀಕ್ಷೆ ಮಾಡಿಸುವಾಗ

ಶುರುವಿನಲ್ಲಿ ಒಂದು, ಮೂರು ತಿಂಗಳಾದ ಮೇಲೆ ಒಂದು. ಕೊಡುವ ಮುಂಚೆ 2ರಿಂದ 7 ದಿನ ಸಂಪರ್ಕ ಬೇಡ. ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಕೊಡಿ. ಎಣ್ಣೆ, ಸೋಪು, ಎಂಜಲು ತಾಗಬಾರದು, ಮಾಮೂಲಿ ಕಾಂಡೋಮಿನಲ್ಲೂ ತರಬಾರದು. ಮನೆಯಲ್ಲಿ ಸಂಗ್ರಹಿಸಿದರೆ ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತನ್ನಿ. ಫ್ರಿಜ್ಜಿನಲ್ಲಿಟ್ಟು ತಂದವರನ್ನು ನೋಡಿದ್ದೇನೆ, ಪಾಪ, ಅಷ್ಟೂ ವ್ಯರ್ಥ. ಸ್ವಲ್ಪ ಚೆಲ್ಲಿದ್ದರೆ ಚೆಲ್ಲಿತು ಅಂತ ಹೇಳಿ, ನಾಚಿಕೆ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಇಷ್ಟು: ವೀರ್ಯ 1.4 ಮಿಲಿಲೀಟರ್, ಮಿಲಿಲೀಟರಿಗೆ 16 ಮಿಲಿಯನ್ ವೀರ್ಯಾಣು, ನೂರಕ್ಕೆ 42 ಅಲುಗಾಡುವವು, ನೂರಕ್ಕೆ 4 ಸರಿಯಾದ ಆಕಾರದವು. ನೂರಕ್ಕೆ ನಾಲ್ಕು ಅಂತ ನೋಡಿ ಗಾಬರಿಯಾಗಬೇಡಿ, ಗಂಡಸರ ವೀರ್ಯ ಇರುವುದೇ ಹಾಗೆ. ನಂಬರ್ ಚೆನ್ನಾಗಿ ಬಂತು ಅಂತ ಮೂರು ತಿಂಗಳ ನೇಮ ಬಿಡಲೂಬೇಡಿ. ನಾನು ಎಣಿಸುವುದು ಎಷ್ಟಿವೆ, ಹೇಗೆ ಓಡುತ್ತಿವೆ ಅನ್ನುವುದನ್ನು. ಅವು ಹೊತ್ತಿರುವ ಚೀಟಿಯಲ್ಲಿ ಏನು ಬರೆದಿದೆ ಅಂತ ಈ ರಿಪೋರ್ಟು ಹೇಳುವುದಿಲ್ಲ.

ಮನಸ್ಸಿನ ಭಾರ

ಅಮೆರಿಕದ ವಿಜ್ಞಾನಿ ಟ್ರೇಸಿ ಬೇಲ್ ಅವರ ತಂಡದ ಕೆಲಸ ಹೇಳದೆ ಇದನ್ನು ಮುಗಿಸಲಾರೆ. ಗಂಡು ಇಲಿಗಳಿಗೆ ವಾರಗಟ್ಟಲೆ ಸಣ್ಣಪುಟ್ಟ ಕಿರುಕುಳ ಕೊಟ್ಟು ಆಮೇಲೆ ಹೆಣ್ಣಿನ ಜೊತೆ ಬಿಟ್ಟರು. ಅವುಗಳ ವೀರ್ಯದಲ್ಲಿ ಸಣ್ಣ ಆರ್‌ಎನ್‌ಎಗಳ ಪೈಕಿ ಒಂಬತ್ತು ಮೈಕ್ರೋಆರ್‌ಎನ್‌ಎಗಳು ಜಾಸ್ತಿಯಾಗಿದ್ದವು. ಮರಿಗಳು ದೊಡ್ಡವಾದ ಮೇಲೆ ಒತ್ತಡ ಬಂದಾಗ ಅವುಗಳ ಮೈ ಬೇರೆ ಥರ ನಡೆದುಕೊಳ್ಳುತ್ತಿತ್ತು. 2015ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಯಾವ ಕಿರುಕುಳವನ್ನೂ ಕಾಣದ ಇಲಿಗಳ ಭ್ರೂಣ ಒಂದೇ ಜೀವಕೋಶವಾಗಿರುವಾಗ, ಆ ಒಂಬತ್ತನ್ನು ಸೂಜಿಯಿಂದ ಒಳಗೆ ಬಿಟ್ಟರು. ಮರಿಗಳಲ್ಲಿ ಅದೇ ಬದಲಾವಣೆ ಬಂತು. ಚೀಟಿಯನ್ನು ಬೇರೆ ಮನೆಗೆ ಕಳಿಸಿದರೂ ಸಾರಿಗೆ ಅದೇ ರುಚಿ ಬಂದ ಹಾಗೆ.

ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ಸಾಲದ ಒತ್ತಡದಲ್ಲಿರುವ ಅಪ್ಪ ಮಗುವನ್ನು ಬೆಳೆಸುವುದೂ ಅದೇ ಒತ್ತಡದಲ್ಲಿ ಅಲ್ವಾ? ಯಾವುದು ವೀರ್ಯದಿಂದ ಬಂತು, ಯಾವುದು ಮನೆಯಿಂದ ಬಂತು? ಇಲಿಗಳಲ್ಲಿ ಅಪ್ಪ ಮರಿಗಳ ಮುಖ ನೋಡದ ಹಾಗೆ ಮಾಡಬಹುದು, ನಮ್ಮಲ್ಲಿ ಆಗುವುದಿಲ್ಲ. ಹಾಗಾಗಿ ‘ನಿನ್ನ ಟೆನ್ಷನ್ನಿಂದಲೇ ಮಗು ಹೀಗಾಯ್ತು’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಇಷ್ಟು ಮಾತ್ರ ಮಾಡಿ: ರಾತ್ರಿ ಪಾಳಿ ಇದ್ದರೆ ಈ ಮೂರು ತಿಂಗಳು ಹಗಲಿಗೆ ಕೇಳಿ ನೋಡಿ. ಏಳು ಗಂಟೆ ನಿದ್ದೆ ಮಾಡಿ. ತಲೆಯಲ್ಲಿ ಕುಳಿತಿರುವುದನ್ನು ಹೆಂಡತಿಗೆ ಹೇಳಿ. ನಮ್ಮ ಕಡೆ ಗಂಡಸರು ಸಾಲ ಎಷ್ಟಿದೆ ಅಂತ ಹೆಂಡತಿಗೇ ಹೇಳುವುದಿಲ್ಲ. ಅಲ್ಲಿಂದ ಶುರು ಮಾಡಿ.

ವಯಸ್ಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಐಸ್‌ಲ್ಯಾಂಡಿನ 2012ರ ಲೆಕ್ಕದಲ್ಲಿ ಅಪ್ಪನಿಗೆ ಒಂದು ವರ್ಷ ಜಾಸ್ತಿಯಾದ ಹಾಗೆ ಮಗುವಿಗೆ ದಾಟುವ ಹೊಸ ಡಿಎನ್‌ಎ ತಪ್ಪುಗಳು ಸುಮಾರು ಎರಡು ಜಾಸ್ತಿಯಾಗುತ್ತವೆ. ಬಹುಪಾಲು ಏನೂ ಮಾಡದ ತಪ್ಪುಗಳು. ನಲವತ್ತಾಯಿತು ಅಂತ ಹೆದರಬೇಕಾಗಿಲ್ಲ. ‘ಗಂಡಸಿಗೇನು ವಯಸ್ಸು’ ಅನ್ನುವ ಮಾತು ಮಾತ್ರ ನಿಜ ಅಲ್ಲ.

ಹೆಂಡತಿಗೆ ಈಗಾಗಲೇ ಗರ್ಭ ನಿಂತಿದೆ, ಈಗ ಓದಿ ಏನು ಮಾಡಲಿ ಅಂತ ಕೇಳುವವರಿದ್ದೀರಿ. ಹಿಂದಿನ ಮೂರು ತಿಂಗಳನ್ನು ಎಣಿಸುತ್ತಾ ಕೂರಬೇಡಿ. ಗರ್ಭ ನಿಂತ ಕೆಲವೇ ದಿನಗಳಲ್ಲಿ ಇಂಥ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಉಳಿಯುವುದು ಸ್ವಲ್ಪ. ಮನೆಯಲ್ಲಿ ಹೊಗೆ ಬಿಡದಿರುವುದು, ಅವಳ ಜೊತೆ ಸೊಪ್ಪು ಸೋಸಲು ಕೂರುವುದು, ಇವತ್ತಿನಿಂದ ನಿಮ್ಮ ಕೈಯಲ್ಲಿರುವ ಕೆಲಸ.

ಮನೆಯಲ್ಲಿ ಹತ್ತು ಹನ್ನೆರಡರ ಹುಡುಗ ಇದ್ದರೆ

ಇದು ಎಲ್ಲರೂ ಮರೆಯುವ ಭಾಗ. ಸ್ವೀಡನ್ನಿನ ಉತ್ತರದ ತುದಿಯಲ್ಲಿ ಓವರ್‌ಕಾಲಿಕ್ಸ್ ಅನ್ನುವ ಊರಿದೆ. ಹಿಂದೆ ಅಲ್ಲಿ ಒಂದು ವರ್ಷ ಬೆಳೆ ತುಂಬಿ ಬಂದರೆ ಇನ್ನೊಂದು ವರ್ಷ ಪೂರ್ತಿ ಕೈಕೊಡುತ್ತಿತ್ತು. ಲಾರ್ಸ್ ಉಲೋವ್ ಬೈಗ್ರೆನ್ ಮತ್ತು ಜೊತೆಯವರು ಆ ಬೆಳೆಯ ಲೆಕ್ಕವನ್ನೂ 1890, 1905, 1920ರಲ್ಲಿ ಹುಟ್ಟಿದವರ ಕುಟುಂಬದ ದಾಖಲೆಯನ್ನೂ ಜೋಡಿಸಿ ನೋಡಿದರು. ಅಪ್ಪನ ಅಪ್ಪ 9ರಿಂದ 12 ವರ್ಷದ ಹುಡುಗನಾಗಿದ್ದಾಗ ಊಟ ಹೇರಳವಾಗಿದ್ದರೆ, ಮೊಮ್ಮಕ್ಕಳು ಸಕ್ಕರೆ ಕಾಯಿಲೆಯಿಂದ ಸಾಯುವುದು ಜಾಸ್ತಿ ಇತ್ತು. 2018ರಲ್ಲಿ ಅದೇ ದೇಶದ ಉಪ್ಸಾಲಾದ ಇನ್ನೂ ದೊಡ್ಡ ದಾಖಲೆಯಲ್ಲೂ ಗಂಡು ಮೊಮ್ಮಕ್ಕಳ ಆಯಸ್ಸಿನಲ್ಲಿ ಇಂಥದ್ದೇ ನಂಟು ಕಂಡಿತು. ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಅಧ್ಯಯನದಲ್ಲಿ, 11 ವರ್ಷ ತುಂಬುವ ಮುಂಚೆಯೇ ಸೇದಲು ಶುರು ಮಾಡಿದ್ದ 166 ಅಪ್ಪಂದಿರು ಸಿಕ್ಕರು. ಅವರ ಗಂಡುಮಕ್ಕಳು ಒಂಬತ್ತನೇ ವಯಸ್ಸಿಗೆ ಉಳಿದವರಿಗಿಂತ ದಪ್ಪಗಿದ್ದರು. ನಾರ್ವೆಯ ಸೆಸಿಲಿಯೆ ಸ್ವಾನೆಸ್ ಅವರ ತಂಡವೂ 15 ವರ್ಷಕ್ಕೆ ಮುಂಚೆ ಸೇದಿದ ಅಪ್ಪಂದಿರ ಮಕ್ಕಳಲ್ಲಿ ಅಸ್ತಮಾ ಜಾಸ್ತಿ ಕಂಡಿದೆ.

ಹುಡುಗ ದೊಡ್ಡವನಾಗುವ ಹೊಸ್ತಿಲಿನಲ್ಲಿ ವೀರ್ಯಾಣುಗಳ ಮೂಲ ಜೀವಕೋಶಗಳು ಎಚ್ಚರಗೊಳ್ಳುವ ಕಾಲ ಅದು. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದು ಅಂತ ಕಾನೂನಿದೆ. ನಿಮ್ಮ ಮಗನ ಶಾಲೆಯ ಮುಂದೆ ಒಮ್ಮೆ ಹೆಜ್ಜೆ ಎಣಿಸಿ ನೋಡಿ. ಮಾರುತ್ತಿದ್ದರೆ ನಾಲ್ಕು ಜನ ಪೋಷಕರು ಒಟ್ಟಾಗಿ ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ.

ಹೋದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಅಂಗಳದ ದೀಪದ ಕೆಳಗೆ ಅಡಿಕೆ ಸುಲಿಯಲು ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂತಿದ್ದರು. ಅಣ್ಣನ ಮಗ, ಹನ್ನೆರಡು ವರ್ಷ, ಸುಲಿದ ಹಸಿ ಅಡಿಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡ. ನಾನೂ ಅದೇ ಅಂಗಳದಲ್ಲಿ ಅದೇ ಥರ ಶುರು ಮಾಡಿದ್ದು. ಬೈಯಲಿಲ್ಲ. ಅವನ ಬಾಯಿಯ ಹತ್ತಿರ ಅಂಗೈ ಹಿಡಿದೆ. “ಉಗಿ ಮಗಾ” ಅಂದೆ. “ಯಾಕೆ ಚಿಕ್ಕಪ್ಪಾ?” ಅಂತ ಕೇಳಿದ. ಅವನ ಪಕ್ಕ ಕೂತು, ಇಲ್ಲಿ ಬರೆದದ್ದರಲ್ಲಿ ಅವನಿಗೆ ತಿಳಿಯುವಷ್ಟನ್ನು ಹೇಳಿದೆ. ಅಣ್ಣನೂ ಸುಲಿಯುವುದು ನಿಲ್ಲಿಸಿ ಕೇಳಿಸಿಕೊಂಡ. ಮರುದಿನ ರಾತ್ರಿ ಮಕ್ಕಳು ಕೂರುವ ಜಾಗದಲ್ಲಿ ಅತ್ತಿಗೆ ಹುರಿಗಡಲೆ, ಬೆಲ್ಲ ತುಂಬಿದ ಡಬ್ಬಿ ಇಟ್ಟಿದ್ದರು.